ಚಿಕ್ಕಮ್ಮನ ಮೊಣಕೈ ಮತ್ತು 36 ಸಾವಿರದ ಕೆಂಪು ಬೆಳಕು

ಮಕರ ಸಂಕ್ರಮಣಕ್ಕೆ ಹತ್ತು ದಿನ ಇರುವಾಗ ಹೆಮ್ಮಾಡಿಯಲ್ಲಿ ಯಾರನ್ನೂ ಮಾತಿಗೆ ಎಳೆಯಬಾರದು. ಗದ್ದೆ ತುಂಬ ಸೇವಂತಿಗೆ ಅರಳಿರುತ್ತದೆ. ಅದನ್ನು ಕೊಯ್ದು, ಮಾಲೆ ಕಟ್ಟಿ, ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಮುಟ್ಟಿಸುವ ತನಕ ಮನೆ ಹೆಂಗಸರಿಗೆ ಊಟ, ನಿದ್ದೆ ಯಾವುದರ ಲೆಕ್ಕವೂ ಇರುವುದಿಲ್ಲ. ಈ ಸಲ ನಾನು ಊರಿಗೆ ಹೋದಾಗ ಚಿಕ್ಕಮ್ಮ ಎಡಗೈಯಲ್ಲಿ ಹೂ ಕೊಯ್ಯುತ್ತಿದ್ದರು. ಅವರು ಹುಟ್ಟಾ ಬಲಗೈಯವರು.

"ಎಂತ ಆಯ್ತ್ ಚಿಕ್ಕಮ್ಮ ಕೈಗೆ?"

"ಕೈ ಗಂಟ್ ಹಿಡ್ದ್‌ಕಂಡಿತ್ ಮಗಾ. ಚೊಂಬ್ ಎತ್ತುಕೂ ಆತಿಲ್ಲೆ."

ಮೊಣಕೈಯ ಹೊರಬದಿಯ ಎಲುಬಿನ ಮೇಲೆ ಬೆರಳಿಟ್ಟರೆ ಮುಖ ಹಿಂಡುತ್ತಿದ್ದರು. ಬಟ್ಟೆ ಹಿಂಡಲು, ಕೊಡಪಾನ ಹಿಡಿಯಲು, ಬಾಗಿಲ ಚಿಲಕ ತಿರುಗಿಸಲು ಕಷ್ಟ. ಆದರೆ ಅವರ ಬಳಿ ಪರಿಹಾರ ಆಗಲೇ ಸಿದ್ಧವಾಗಿತ್ತು. ಹತ್ತಿರದ ಪೇಟೆಯ ಸಭಾಭವನವೊಂದರಲ್ಲಿ ತಿಂಗಳಿಂದ "ಉಚಿತ ಇನ್‌ಫ್ರಾರೆಡ್ ಥೆರಪಿ" ನಡೆಯುತ್ತಿತ್ತು. ಸಾಲಾಗಿ ಕುರ್ಚಿ, ಪ್ರತಿ ಕುರ್ಚಿಯ ಮುಂದೆ ಕೆಂಪಗೆ ಬೆಳಗುವ ಒಂದು ಪ್ಯಾನೆಲ್, ದಿನಕ್ಕೆ 40 ನಿಮಿಷ. ದುಡ್ಡಿಲ್ಲ. ಹತ್ತು ದಿನ ಹೋಗಿಬಂದ ಚಿಕ್ಕಮ್ಮನಿಗೆ ಕೈ ಹಗುರಾಗಿತ್ತು. ಹನ್ನೊಂದನೇ ದಿನ ಅಲ್ಲಿನ ಹುಡುಗ ಮೆಲ್ಲಗೆ ಹೇಳಿದನಂತೆ: ಯಂತ್ರ ಮನೆಗೇ ತಗೊಂಡು ಹೋಗಿ ಅಮ್ಮ, 36 ಸಾವಿರ, ತಿಂಗಳಿಗೆ ಎರಡೇ ಸಾವಿರದ ಕಂತು, ಹೇಗೂ ಗೃಹಲಕ್ಷ್ಮಿ ಬರುತ್ತಲ್ಲ.

ಚಿಕ್ಕಮ್ಮ ನನ್ನ ಮುಂದಿಟ್ಟ ಪ್ರಶ್ನೆ ನೇರವಾಗಿತ್ತು. "ಆ ಬೆಳಕಲ್ಲಿ ಕೂತ್ರೆ ನೋವ್ ಹೋಪುದ್ ಹೌದಾ ಅಲ್ದಾ? ನೀನ್ ಎಂಜಿನಿಯರ್ ಅಲ್ದಾ, ಹೇಳ್ ಕಾಂಬ."

ಎಲೆಕ್ಟ್ರಾನಿಕ್ಸ್ ಓದಿ, ಎರಡು ವರ್ಷ ಕಂಪನಿಯಲ್ಲಿ ಕೂತು, ಆಮೇಲೆ ಪತ್ರಿಕೋದ್ಯಮಕ್ಕೆ ಹಾರಿದವನು ನಾನು. ಇಂಥ ಪ್ರಶ್ನೆಗೆ ನಮ್ಮಂಥವರ ಬಾಯಿಂದ ಥಟ್ಟನೆ ಬರುವ ಉತ್ತರ "ಎಲ್ಲಾ ಮೋಸ" ಅನ್ನೋದು. ಅದನ್ನು ಹೇಳಿ ಮುಗಿಸುವ ಮೊದಲು ಒಂದು ವಾರ ಕೂತು ಓದಿದೆ. ಉತ್ತರ ಅಷ್ಟು ಸರಳ ಇಲ್ಲ ಅಂತ ಗೊತ್ತಾಯ್ತು. ಓದಿದ್ದನ್ನು ಇಲ್ಲಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಮನೆಯಲ್ಲೂ ಒಂದು ಮೊಣಕೈ, ಒಂದು ಸೊಂಟ, ಒಂದು ಭುಜ ಇದೇ ಪ್ರಶ್ನೆ ಕೇಳ್ತಿರಬಹುದು.

ಬಚ್ಚಲ ಒಲೆಯಲ್ಲೂ ಇದೆ ಇನ್‌ಫ್ರಾರೆಡ್

ಶಾಲೆಯ ಪಠ್ಯದಲ್ಲಿ ಇದನ್ನು ಅವಕೆಂಪು ಕಿರಣ ಅಂತ ಓದಿರ್ತೀವಿ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಒಂದೊಂದು ಬಣ್ಣದ ಮೇಲೂ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪು ಬಣ್ಣ ಮುಗಿದ ಮೇಲೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲೂ ಪಾದರಸ ಏರಿತು. ಕಾಣದೆಯೂ ಬಿಸಿ ಮುಟ್ಟಿಸುವ ಆ ಬೆಳಕೇ ಇನ್‌ಫ್ರಾರೆಡ್.

ಬಿಸಿ ಇರುವ ಯಾವ ವಸ್ತುವೂ ಇದನ್ನು ಸೂಸುತ್ತದೆ. ವಸ್ತು ಎಷ್ಟು ಬಿಸಿಯೋ ಅಷ್ಟು ಕಿರಿದಾದ ತರಂಗ. ಸಾಧಾರಣ ಬಲ್ಬಿನ ತಂತಿಯಿಂದ ಬರುವ ಶಾಖದ ಮುಖ್ಯ ಭಾಗ ಒಂದು ಮೈಕ್ರೋಮೀಟರಿಗಿಂತ ತುಸು ಹೆಚ್ಚು ತರಂಗದೂರದ್ದು. ಒಲೆಯ ಕೆಂಡದ್ದು ಸುಮಾರು ಮೂರು ಮೈಕ್ರೋಮೀಟರ್. 37 ಡಿಗ್ರಿಯ ನಮ್ಮ ಮೈಯದ್ದು ಒಂಬತ್ತು ಚಿಲ್ಲರೆ. ಅಂದ್ರೆ ಪಕ್ಕದಲ್ಲಿ ಕೂತ ಬೆಕ್ಕು ಕೂಡ ನಿಮಗೆ ಇನ್‌ಫ್ರಾರೆಡ್ ಥೆರಪಿ ಕೊಡ್ತಾ ಇರುತ್ತೆ! "ದೇಹದ ತರಂಗಕ್ಕೆ ಹೊಂದುವ ಫಾರ್ ಇನ್‌ಫ್ರಾರೆಡ್ ಸೂಸುವ ಪಟ್ಟಿ" ಅಂತ ಮಾರುವ ಬೆಲ್ಟು, ಕಾಲುಚೀಲಗಳ ಮಾತು ಕೇಳಿದಾಗ ಇದನ್ನು ನೆನಪಿಟ್ಟುಕೊಳ್ಳಿ. ಕೋಣೆಯಲ್ಲಿರುವ ಹಳೇ ಕಂಬಳಿಯೂ ಅದೇ ಫಾರ್ ಇನ್‌ಫ್ರಾರೆಡ್ ಸೂಸುತ್ತದೆ.

ಈ ತರಂಗದೂರದ ಲೆಕ್ಕ ಯಾಕೆ ಮುಖ್ಯ ಅಂದ್ರೆ, ಬೆಳಕು ಮೈಯೊಳಗೆ ಎಷ್ಟು ಆಳ ಇಳಿಯುತ್ತದೆ ಅನ್ನೋದನ್ನು ಅದೇ ತೀರ್ಮಾನಿಸುತ್ತದೆ. ಮೂರು ಮೈಕ್ರೋಮೀಟರಿಗಿಂತ ಉದ್ದದ ತರಂಗವನ್ನು ಚರ್ಮದಲ್ಲಿರುವ ನೀರು ಮೇಲ್ಪದರದಲ್ಲೇ, ಒಂದು ಮಿಲಿಮೀಟರಿನೊಳಗೇ ಕುಡಿದುಬಿಡುತ್ತದೆ. ಅದು ಚರ್ಮ ಕಾಯಿಸುವ ಬಿಸಿ, ಅಷ್ಟೇ. 800, 900 ನ್ಯಾನೋಮೀಟರ್ ಆಸುಪಾಸಿನ 'ನಿಯರ್ ಇನ್‌ಫ್ರಾರೆಡ್' ಮಾತ್ರ ಹಲವು ಮಿಲಿಮೀಟರ್ ಇಳಿಯುತ್ತದೆ. ಇಳಿಯುತ್ತಾ ಇಳಿಯುತ್ತಾ ಸೊರಗುತ್ತದೆ. ಮೊಣಕೈಯ ಸ್ನಾಯುರಜ್ಜು ಚರ್ಮದ ಕೆಳಗೇ ಇರುವುದರಿಂದ ಅಲ್ಲಿಗೆ ಸ್ವಲ್ಪ ಮುಟ್ಟಬಹುದು. ಸೊಂಟದ ಆಳದ ಸ್ನಾಯುವಿಗೆ ಮುಟ್ಟುವುದು ತೀರಾ ಕಡಿಮೆ.

ಒಂದೇ ಹೆಸರಲ್ಲಿ ಎರಡು ಚಿಕಿತ್ಸೆ

ಗೊಂದಲ ಶುರುವಾಗೋದು ಇಲ್ಲಿ. "ಇನ್‌ಫ್ರಾರೆಡ್ ಥೆರಪಿ" ಅನ್ನೋ ಒಂದೇ ಬೋರ್ಡಿನ ಕೆಳಗೆ ಎರಡು ಬೇರೆ ಬೇರೆ ಚಿಕಿತ್ಸೆಗಳು ನಡೆಯುತ್ತವೆ.

ಮೊದಲನೆಯದು ಶಾಖ. ಫಿಸಿಯೋಥೆರಪಿ ಕೋಣೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ದೊಡ್ಡ ಕೆಂಪು ಬಲ್ಬು ಇರುತ್ತಲ್ಲ, ಅದು. ಚರ್ಮ ಬಿಸಿಯಾಗಿ ರಕ್ತನಾಳ ಹಿಗ್ಗುತ್ತದೆ, ಬಿಗಿದ ಸ್ನಾಯು ಸಡಿಲ ಬಿಡುತ್ತದೆ, ನೋವಿನ ಸುದ್ದಿ ಒಯ್ಯುವ ನರದ ಗದ್ದಲ ಕಡಿಮೆಯಾಗುತ್ತದೆ. ಅಮೆರಿಕದ ಎಫ್‌ಡಿಎ ನಿಯಮಾವಳಿಯಲ್ಲೂ ಇನ್‌ಫ್ರಾರೆಡ್ ಲ್ಯಾಂಪ್ ಅಂದ್ರೆ ಮೈಗೆ ಹೊರಗಿನಿಂದ ಶಾಖ ಕೊಡುವ ಸಾಧನ ಅಂತಲೇ ಇದೆ. ನಮ್ಮ ಅಜ್ಜಿಯಂದಿರು ಎಕ್ಕದ ಎಲೆಗೆ ಎಣ್ಣೆ ಸವರಿ ಕಾಯಿಸಿ ಕಟ್ಟಿದ್ದು, ಉಪ್ಪಿನ ಗಂಟು ಇಟ್ಟಿದ್ದು, ಬಚ್ಚಲ ಒಲೆಗೆ ಬೆನ್ನು ಕೊಟ್ಟು ಕೂತದ್ದು ಇದೇ ಜಾತಿಯ ಚಿಕಿತ್ಸೆ.

ಎರಡನೆಯದು ಬಿಸಿಯೇ ಇಲ್ಲದ ಬೆಳಕು. 1967ರ ಸುಮಾರಿಗೆ ಬುಡಾಪೆಸ್ಟಿನಲ್ಲಿ ಎಂದ್ರೆ ಮೆಸ್ಟರ್ ಎಂಬ ವೈದ್ಯ ಇಲಿಗಳ ಬೆನ್ನಿನ ಕೂದಲು ಬೋಳಿಸಿ, ಅಲ್ಲಿಗೆ ಕಡಿಮೆ ಶಕ್ತಿಯ ಮಾಣಿಕ್ಯದ ಲೇಸರ್ ಬಿಟ್ಟು ಕ್ಯಾನ್ಸರ್ ಬರುತ್ತದಾ ಅಂತ ನೋಡುತ್ತಿದ್ದ. ಕ್ಯಾನ್ಸರ್ ಬರಲಿಲ್ಲ, ಕೂದಲು ಬೇಗ ಬೆಳೆಯಿತು. ಅಲ್ಲಿಂದ ಹುಟ್ಟಿದ ವಿದ್ಯೆಗೆ ಮೊದಲು 'ಲೋ ಲೆವೆಲ್ ಲೇಸರ್ ಥೆರಪಿ' ಅಂದರು, ಈಗ 'ಫೋಟೋಬಯೋಮಾಡ್ಯುಲೇಶನ್' ಅಂತಾರೆ. ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದ ಒಂದು ಕಿಣ್ವ ಈ ಬೆಳಕನ್ನು ಹೀರಿ ಚುರುಕಾಗುತ್ತದೆ, ಅದರಿಂದ ಉರಿಯೂತ ತಗ್ಗುತ್ತದೆ ಅನ್ನೋದು ಇದರ ಹಿಂದಿನ ಮುಖ್ಯ ವಾದ. ವಾದ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಆದರೆ ಇದನ್ನು ಬುರುಡೆ ಅಂತ ತಳ್ಳಿಹಾಕುವ ಹಾಗೂ ಇಲ್ಲ, ಬೆಳಕಿನ ಚಿಕಿತ್ಸೆಗೆ ಗೌರವದ ಇತಿಹಾಸವಿದೆ. ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಕೊಟ್ಟ ನೀಲ್ಸ್ ಫಿನ್ಸೆನ್‌ಗೆ 1903ರಲ್ಲೇ ನೊಬೆಲ್ ಸಿಕ್ಕಿತ್ತು.

ಸಭಾಭವನದ ಶಿಬಿರಗಳ ಜಾಣತನ ಇರೋದು ಈ ಎರಡನ್ನೂ ಕಲಸುವುದರಲ್ಲಿ. ಸಿಗುವುದು ಮೊದಲನೆಯದರ ಹಿತ, ಹೇಳುವುದು ಎರಡನೆಯದರ ವಿಜ್ಞಾನ.

ಸಂಶೋಧನೆ ಏನು ಹೇಳುತ್ತೆ?

ಮೊದಲು ಶಾಖದ ವಿಷಯ. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸೊಂಟನೋವಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹೊಸದಾಗಿ ಹಿಡಿದ ಸೊಂಟಕ್ಕೆ ಹೊರಗಿನ ಶಾಖ ಕೊಡಬಹುದು ಅಂತ ಇದೆ, ಸಾಕ್ಷ್ಯ ಮಧ್ಯಮ ಗುಣಮಟ್ಟದ್ದು. ಹಳೆಯ ಸೊಂಟನೋವಿಗೆ ಕಡಿಮೆ ಶಕ್ತಿಯ ಲೇಸರನ್ನೂ ಪಟ್ಟಿಗೆ ಸೇರಿಸಿದ್ದಾರೆ. ಅಲ್ಲಿ ಸಾಕ್ಷ್ಯ ಕೆಳಮಟ್ಟದ್ದು ಅಂತ ಅವರೇ ಬರೆದಿದ್ದಾರೆ.

ಕುತ್ತಿಗೆ ನೋವಿಗೆ 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 16 ಪ್ರಯೋಗಗಳ 820 ರೋಗಿಗಳನ್ನು ಒಟ್ಟಿಗೆ ನೋಡಿತು. ಹಳೆಯ ಕುತ್ತಿಗೆ ನೋವು ಚಿಕಿತ್ಸೆ ಮುಗಿದ ಮೇಲೂ 22 ವಾರಗಳವರೆಗೆ ಕಡಿಮೆ ಇತ್ತು ಅಂತ ಅದು ಹೇಳಿತು. ಇದು ಸಣ್ಣ ಮಾತಲ್ಲ.

ಇನ್ನು ಚಿಕ್ಕಮ್ಮನ ಮೊಣಕೈ. ಹೊರಬದಿಯ ಆ ನೋವಿಗೆ ಟೆನಿಸ್ ಎಲ್ಬೋ ಅಂತ ಹೆಸರು. ಟೆನಿಸ್ ಬ್ಯಾಟು ಕಣ್ಣಲ್ಲೂ ಕಾಣದವರಿಗೇ ಇದು ಬರುವುದು ಹೆಚ್ಚು. 2008ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಈ ನೋವಿನ ಮೇಲೆ ನಡೆದ 13 ಲೇಸರ್ ಪ್ರಯೋಗಗಳನ್ನು, 730 ರೋಗಿಗಳನ್ನು ಸೇರಿಸಿ ನೋಡಿತು. 904 ನ್ಯಾನೋಮೀಟರ್ ಲೇಸರನ್ನು ನೇರ ಸ್ನಾಯುರಜ್ಜಿನ ಬುಡಕ್ಕೇ ಹಿಡಿದ ಪ್ರಯೋಗಗಳಲ್ಲಿ ನೋವು ನೂರರ ಅಳತೆಯಲ್ಲಿ 17ರಷ್ಟು ಇಳಿದಿತ್ತು, ಅದೂ ಸದ್ಯದ ಮಟ್ಟಿಗೆ. 820, 830, 1064 ನ್ಯಾನೋಮೀಟರ್ ಬಳಸಿದವರಿಗೆ ಫಲ ಸಿಕ್ಕಿರಲಿಲ್ಲ. 2010ರ ಇನ್ನೊಂದು ವಿಮರ್ಶೆ ಮೈಯ ಬೇರೆ ಬೇರೆ ಸ್ನಾಯುರಜ್ಜುಗಳ ಮೇಲಿನ 25 ಪ್ರಯೋಗ ಎಣಿಸಿತು: 12ರಲ್ಲಿ ಗುಣ, 13ರಲ್ಲಿ ಏನೂ ಖಚಿತವಿಲ್ಲ ಅಥವಾ ಏನೂ ಪ್ರಯೋಜನವಿಲ್ಲ.

ಇದನ್ನು ಓದಿದ ಎಂಜಿನಿಯರಿಗೆ ಕಾಣುವುದು ಒಂದೇ: ಇಲ್ಲಿ ಡೋಸ್ ಎಲ್ಲಕ್ಕಿಂತ ಮುಖ್ಯ. ಬೆಳಕು ಅಂದರೆ ಮಾತ್ರೆ ಇದ್ದ ಹಾಗೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಅಂತ ಹೇಳದೆ "ಬಿಳಿ ಮಾತ್ರೆ ಒಳ್ಳೇದು" ಅಂದರೆ ಏನರ್ಥ? 50 ಮಿಲಿವಾಟ್ ಲೇಸರನ್ನು ಒಂದು ಬಿಂದುವಿಗೆ 100 ಸೆಕೆಂಡ್ ಹಿಡಿದರೆ 5 ಜೂಲ್ ಶಕ್ತಿ. ಚಿಕಿತ್ಸೆಯ ಲೆಕ್ಕ ನಡೆಯುವುದು ಇಂಥ ಒಂದಂಕಿ ಜೂಲ್‌ಗಳಲ್ಲಿ. ಕಡಿಮೆಯಾದರೆ ಫಲವಿಲ್ಲ, ಮಿತಿ ಮೀರಿದರೆ ಇದ್ದ ಫಲವೂ ಹೋಗುತ್ತದೆ.

ಇನ್ನೊಂದು ಲೆಕ್ಕ ಹೇಳ್ತೀನಿ. ನೆತ್ತಿ ಮೇಲಿನ ಬಿಸಿಲು ಒಂದು ಚದರ ಸೆಂಟಿಮೀಟರಿಗೆ ಸುಮಾರು 100 ಮಿಲಿವಾಟ್ ಶಕ್ತಿ ಸುರಿಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಇನ್‌ಫ್ರಾರೆಡ್ಡೇ. ಬಿಸಿಲಿನಲ್ಲಿ ಎಲ್ಲ ತರಂಗಗಳೂ ಕಲಸಿರುತ್ತವೆ, ಲೇಸರಿನ ಹಾಗೆ ಒಂದೇ ತರಂಗ ಇರೋದಿಲ್ಲ, ಒಪ್ಪೋಣ. ಆದರೂ ಬರೀ "ಇನ್‌ಫ್ರಾರೆಡ್" ಅನ್ನೋ ಹೆಸರಿಗೇ ನೋವು ಓಡುವುದಾದರೆ, ಇಡೀ ದಿನ ಗದ್ದೆಯಲ್ಲಿ ಬಗ್ಗಿ ಹೂ ಕೊಯ್ಯುವವರ ಮೈಯಲ್ಲಿ ನೋವೇ ಇರಬಾರದಿತ್ತು.

ಸ್ನಾಯು ಬೇರೆ, ಸ್ನಾಯುರಜ್ಜು ಬೇರೆ

ಸ್ನಾಯು ಅಂದ್ರೆ ಮಾಂಸಖಂಡ, ರಕ್ತ ಚೆನ್ನಾಗಿ ಹರಿಯುವ ಜಾಗ. ಗದ್ದೆ ಕೆಲಸ ಮಾಡಿ ಮೈ ಬಿಗಿದಿದ್ದರೆ ಒಂದು ಬಿಸಿನೀರಿನ ಸ್ನಾನ, ಒಂದು ರಾತ್ರಿಯ ನಿದ್ದೆಗೆ ಅದು ಸಡಿಲ ಬಿಡುತ್ತದೆ.

ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗ ಸ್ನಾಯುರಜ್ಜು. ಅದಕ್ಕೆ ರಕ್ತ ಹರಿಯುವುದು ಕಡಿಮೆ, ದುರಸ್ತಿ ನಿಧಾನ. ಸಾವಿರ ಸಲ ಒಂದೇ ಥರ ಬೆರಳು ಮಡಚಿ, ಮಣಿಕಟ್ಟು ತಿರುಗಿಸಿ ಹೂ ಚಿವುಟಿದಾಗ, ಹಗ್ಗದ ಎಳೆಗಳು ದುರಸ್ತಿಯಾಗುವ ವೇಗಕ್ಕಿಂತ ಸವೆಯುವ ವೇಗ ಹೆಚ್ಚಾಗುತ್ತದೆ. ಹಳೆಯದಾದ ಈ ನೋವಿನಲ್ಲಿ ಉರಿಯೂತಕ್ಕಿಂತ ಎಳೆಗಳ ಅಸ್ತವ್ಯಸ್ತವೇ ಹೆಚ್ಚು. ಅದಕ್ಕೇ ಬರೀ ನೋವಿನ ಮಾತ್ರೆ, ಬರೀ ಶಾಖ ಅದರ ಬುಡ ಮುಟ್ಟುವುದಿಲ್ಲ.

ಹಾಗಾದ್ರೆ ಮುಟ್ಟುವುದು ಯಾವುದು? ಕೇಳಿದರೆ ತಮಾಷೆ ಅನ್ನಿಸಬಹುದು, ಭಾರ. ಹದವಾಗಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸುವ ಭಾರ. ಎಳೆದಾಗಲೇ ಹಗ್ಗದ ಜೀವಕೋಶಗಳು ಹೊಸ ಎಳೆ ನೇಯುತ್ತವೆ. ಅತಿ ಎಳೆದರೆ ಹರಿಯುತ್ತವೆ, ಎಳೆಯದೇ ಬಿಟ್ಟರೆ ಸೊರಗುತ್ತವೆ.

2006ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬಂದ ಆಸ್ಟ್ರೇಲಿಯಾದ ಪ್ರಯೋಗ ನನಗೆ ಬಹಳ ಪಾಠ ಹೇಳಿತು. ಟೆನಿಸ್ ಎಲ್ಬೋ ಇದ್ದ 198 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಒಂದಕ್ಕೆ ವ್ಯಾಯಾಮ ಸೇರಿದ ಫಿಸಿಯೋಥೆರಪಿ, ಒಂದಕ್ಕೆ ಸುಮ್ಮನೆ ಕಾಯುವ ಸಲಹೆ. ಆರನೇ ವಾರದಲ್ಲಿ ಇಂಜೆಕ್ಷನ್ ಎಲ್ಲರಿಗಿಂತ ಮುಂದೆ. ಆಮೇಲೆ ಅವರಲ್ಲೇ ಬಹಳಷ್ಟು ಜನರಿಗೆ ನೋವು ಮರಳಿತು. ಫಿಸಿಯೋಥೆರಪಿಯವರು ಸುಮ್ಮನೆ ಕಾದವರಿಗಿಂತ ಬೇಗ ಸುಧಾರಿಸಿದರು. ವರ್ಷದ ಕೊನೆಗೆ ನೋಡಿದರೆ ಫಿಸಿಯೋಥೆರಪಿಯವರೂ ಕಾದವರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಚೆನ್ನಾಗಿದ್ದರು, ಇಂಜೆಕ್ಷನ್‌ನವರೇ ಹಿಂದೆ.

ಬೇಗ ಹಿತ ಕೊಟ್ಟದ್ದೇ ಗುಣ ಮಾಡುತ್ತದೆ ಅಂತ ನಂಬುವವರು ಈ ಪ್ರಯೋಗವನ್ನು ಒಮ್ಮೆ ಓದಬೇಕು.

ಸಭಾಭವನದಲ್ಲಿ ನಾನು ಕೇಳಿದ ಮೂರು ಪ್ರಶ್ನೆ

ಚಿಕ್ಕಮ್ಮನ ಜೊತೆ ನಾನೂ ಒಂದು ದಿನ ಶಿಬಿರಕ್ಕೆ ಹೋದೆ. ಪ್ಯಾನೆಲಿನಲ್ಲಿ ಅರ್ಧದಷ್ಟು ದೀಪಗಳು ಉರಿಯುತ್ತಲೇ ಇಲ್ಲ ಅಂತ ಕಾಣುತ್ತಿತ್ತು. ಮೊಬೈಲಿನ ಮುಂದಿನ ಕ್ಯಾಮೆರಾ ಹಿಡಿದು ನೋಡಿದೆ, ಪರದೆಯಲ್ಲಿ ಅವು ನೇರಳೆ ಬಣ್ಣಕ್ಕೆ ಮಿನುಗಿದವು. ಟಿವಿ ರಿಮೋಟಿನ ತುದಿಯನ್ನು ಹೀಗೆ ನೋಡಿದರೂ ಅದೇ ಕಾಣುತ್ತದೆ, ನೀವೂ ಮಾಡಿ ನೋಡಿ. ಅಂದರೆ ಯಂತ್ರದಿಂದ ನಿಯರ್ ಇನ್‌ಫ್ರಾರೆಡ್ ಬರುವುದು ನಿಜ. ಅಷ್ಟರ ಮಟ್ಟಿಗೆ ಅವರದು ಸುಳ್ಳಲ್ಲ.

ಆಮೇಲೆ ಮೂರು ಪ್ರಶ್ನೆ ಕೇಳಿದೆ. ತರಂಗದೂರ ಎಷ್ಟು ನ್ಯಾನೋಮೀಟರ್? ಇಷ್ಟು ದೂರದಲ್ಲಿ ಚರ್ಮದ ಮೇಲೆ ಬೀಳುವ ಶಕ್ತಿ ಎಷ್ಟು? ಈ 40 ನಿಮಿಷ ಅನ್ನುವ ಲೆಕ್ಕ ಎಲ್ಲಿಂದ ಬಂತು? ಹುಡುಗ ಪಾಪ, ಇಪ್ಪತ್ತೆರಡರ ಆಸುಪಾಸು, ಟಾರ್ಗೆಟ್ ಕೆಲಸ. "ಸರ್, ಅದು ಫಾರಿನ್ ಟೆಕ್ನಾಲಜಿ" ಅಂದ. ಕರಪತ್ರದಲ್ಲಿ ಸಕ್ಕರೆ ಕಾಯಿಲೆಯಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಹೆಸರುಗಳಿದ್ದವು. ಮೂರು ಪ್ರಶ್ನೆಯ ಉತ್ತರ ಮಾತ್ರ ಇರಲಿಲ್ಲ. ಕೊನೇ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ, ಇದು ವೈದ್ಯಕೀಯ ಉಪಕರಣವಲ್ಲ ಅಂತ ಇತ್ತು.

ಕಾನೂನಿನ ಕಡೆಯಿಂದ ನೋಡಿದರೆ ಈ ಸಾಲು ತಮಾಷೆಯದ್ದಲ್ಲ. ರೋಗಕ್ಕೆ ಚಿಕಿತ್ಸೆ ಅಥವಾ ಉಪಶಮನ ಕೊಡುವ ಉದ್ದೇಶದ ಉಪಕರಣಗಳೆಲ್ಲ 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. 2017ರ ವೈದ್ಯಕೀಯ ಉಪಕರಣ ನಿಯಮಗಳು ಅವನ್ನು ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಅಂತ ವಿಂಗಡಿಸುತ್ತವೆ. 'ಇದು ವೆಲ್‌ನೆಸ್ ಉಪಕರಣ' ಅಂತ ಕಾಗದದಲ್ಲಿ ಬರೆದು, ಬಾಯಲ್ಲಿ ಚಿಕಿತ್ಸೆ ಅಂತ ಮಾರಿದರೆ ಎರಡೂ ಕಡೆಯ ಲಾಭ ಸಿಗುತ್ತದೆ. ಡಯಾಬಿಟಿಸ್, ಕ್ಯಾನ್ಸರ್, ಪಾರ್ಶ್ವವಾಯು ಗುಣಪಡಿಸ್ತೀವಿ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯೇ ನಿಷೇಧಿಸಿದೆ. ಇಂಥ ಕರಪತ್ರ ಕೈಗೆ ಸಿಕ್ಕರೆ ಬಿಸಾಡಬೇಡಿ, ಫೋಟೋ ತೆಗೆದಿಟ್ಟುಕೊಳ್ಳಿ, ರಶೀದಿ ಕೇಳಿ. ಮೋಸ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹಾಗಾದರೆ ಚಿಕ್ಕಮ್ಮನಿಗೆ ಕೈ ಹಗುರಾದದ್ದು ಸುಳ್ಳಾ? ಖಂಡಿತ ಅಲ್ಲ. ಬಿಸಿ ನಿಜ, ಹಿತ ನಿಜ. ಟೆನಿಸ್ ಎಲ್ಬೋ ಬಹುಪಾಲು ಜನರಿಗೆ ವರ್ಷದೊಳಗೆ ತಾನಾಗಿಯೇ ಇಳಿಯುವಂಥದ್ದು, ಇಳಿಯುವ ಹಾದಿಯಲ್ಲಿ ಯಾವ ಯಂತ್ರ ಎದುರಿಗಿದ್ದರೂ ಕೀರ್ತಿ ಅದಕ್ಕೇ. ಇನ್ನೂ ಒಂದು ಕಾರಣವನ್ನು ಚಿಕ್ಕಮ್ಮ ತಾವೇ ಹೇಳಿದರು: "ಅಲ್ಲಿ ನಲ್ವತ್ ನಿಮಿಷ ಸುಮ್ನೆ ಕೂಕಂಬ್ದಲ್ದಾ ಮಗಾ, ಮನೇಲಿ ಯಾರ್ ಕೂಕಂಬುಕೆ ಬಿಡ್ತ್ರ್?"

ದಿನಕ್ಕೆ 40 ನಿಮಿಷ ಬಲಗೈಗೆ ಬಿಡುವು. ಮದುವೆಯಾಗಿ ಬಂದ ಮೇಲೆ ಅಷ್ಟು ಹೊತ್ತು ಕೈಕಟ್ಟಿ ಕೂತದ್ದು ಅದೇ ಮೊದಲಂತೆ.

ಬಿಸಿಗೂ ಎಚ್ಚರ ಬೇಕು

ಮನೆಯಲ್ಲಿ ಶಾಖ ಕೊಡುವುದಾದರೆ ಕೆಲವು ಮಾತು. ಇನ್‌ಫ್ರಾರೆಡ್ ಬಲ್ಬನ್ನು ಒಂದೂವರೆ, ಎರಡು ಅಡಿ ದೂರ ಇಟ್ಟು 15ರಿಂದ 20 ನಿಮಿಷ ಸಾಕು. ಹತ್ತಿರ ಎಳೆದಷ್ಟೂ ಬಿಸಿ ಸರಸರ ಏರುತ್ತದೆ, ದೂರ ಅರ್ಧಕ್ಕೆ ಇಳಿದರೆ ತೀವ್ರತೆ ಸುಮಾರು ನಾಲ್ಕು ಪಟ್ಟು. ಬಲ್ಬು ನೇರ ಮೇಲಿಂದ ತೂಗುವುದು ಬೇಡ, ಒಂದು ಬದಿಯಿಂದ ಇರಲಿ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಬೇಡ. ನಿದ್ದೆ ಬರುವ ಹಾಗಿದ್ದರೆ ಹಚ್ಚಲೇಬೇಡಿ. ಕಣ್ಣಿಗೆ ನೇರ ಬೀಳಬಾರದು. ವರ್ಷಗಟ್ಟಲೆ ಕುಲುಮೆ ಮುಂದೆ ಗಾಜು ಊದುವವರಿಗೆ ಕಣ್ಣಿನ ಪೊರೆ ಬರುವುದಕ್ಕೆ ಇದೇ ಕಿರಣ ಕಾರಣ.

ಎಲ್ಲಕ್ಕಿಂತ ದೊಡ್ಡ ಎಚ್ಚರ ಸಕ್ಕರೆ ಕಾಯಿಲೆ ಇರುವವರಿಗೆ. ಕೈಕಾಲಿನ ನರ ಜೋಮು ಹಿಡಿದಿದ್ದರೆ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ, ಗುಳ್ಳೆ ಎದ್ದ ಮೇಲೇ ತಿಳಿಯುವುದು. ಇಂದು ಬೆಳಿಗ್ಗೆ ಉಳುಕಿ ಬಾತ ಜಾಗಕ್ಕೆ, ಕ್ಯಾನ್ಸರ್ ಇರುವ ಜಾಗಕ್ಕೆ, ಬಸುರಿಯ ಹೊಟ್ಟೆಗೆ ಶಾಖ ಸಲ್ಲದು. ನೋವಿನ ಜೊತೆ ಜ್ವರ, ಕೈಯಲ್ಲಿ ಬಲವಿಲ್ಲದಿರುವುದು, ಬೆರಳುಗಳಿಗೆ ಜೋಮು, ರಾತ್ರಿ ಎಬ್ಬಿಸುವ ನೋವು, ಬಿದ್ದು ಆದ ಪೆಟ್ಟು, ಇವುಗಳಲ್ಲಿ ಯಾವುದಿದ್ದರೂ ಮೊದಲು ಡಾಕ್ಟರು. ಮೊಣಕೈಯಲ್ಲಿ ಕಾಣುವ ನೋವಿನ ಬೇರು ಕೆಲವು ಸಲ ಕುತ್ತಿಗೆಯಲ್ಲಿರುತ್ತದೆ.

ಏಳೆಂಟು ಕಿಲೋಮೀಟರಿನ ರಾಜಕೀಯ

ಯಂತ್ರ ತಗೋಬೇಡಿ ಅಂತ ಹೇಳುವುದು ಸುಲಭ. ಆಮೇಲೆ ಚಿಕ್ಕಮ್ಮ ಎಲ್ಲಿಗೆ ಹೋಗಬೇಕು?

ನಮ್ಮ ಜಿಲ್ಲೆಯಲ್ಲೇ ಇರುವ ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿಯಲು ದೇಶದ ನಾನಾ ಕಡೆಯಿಂದ ಮಕ್ಕಳು ಬರುತ್ತಾರೆ. ಹೆಮ್ಮಾಡಿಯ ಹೂ ಗದ್ದೆಯಿಂದ ಅದು ಬೇರೆಯೇ ಲೋಕ. ಹತ್ತಿರ ಅಂದರೆ ಏಳೆಂಟು ಕಿಲೋಮೀಟರ್ ದೂರದ ಕುಂದಾಪುರ. ಹೆದ್ದಾರಿ 66ರಲ್ಲಿ ಬಸ್ಸುಗಳಿಗೇನೂ ಬರವಿಲ್ಲ. ಆದರೆ ಕರಾವಳಿಯಲ್ಲಿ ಹೆಚ್ಚಿನವು ಖಾಸಗಿ ಬಸ್ಸು. 2023ರ ಜೂನಿನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಅವುಗಳಲ್ಲಿ ನಡೆಯುವುದಿಲ್ಲ. ಆಯುಷ್ಮಾನ್ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಕಾಯಿಲೆಗೆ, ಮೊಣಕೈ ನೋವಿಗೆ ಯಾರೂ ದಾಖಲಾಗುವುದಿಲ್ಲ. ಇಎಸ್ಐ ಸಂಬಳದ ನೌಕರರಿಗೆ. ತಮ್ಮದೇ ತುಂಡು ಗದ್ದೆಯಲ್ಲಿ ದುಡಿಯುವ ಹೆಂಗಸು ಯಾವ ರಿಜಿಸ್ಟರಿನಲ್ಲೂ ಕಾರ್ಮಿಕಳಲ್ಲ, ಹಾಗಾಗಿ ಅವಳ ಕೈ ನೋವು ಔದ್ಯೋಗಿಕ ಕಾಯಿಲೆಯೂ ಅಲ್ಲ.

ಹಾಗಂತ ಸರ್ಕಾರಕ್ಕೆ ಈ ವಿಷಯ ಗೊತ್ತೇ ಇಲ್ಲ ಅಂತಲ್ಲ. ಹಿರಿಯರ ಆರೋಗ್ಯಕ್ಕೆಂದು 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ ಫಿಸಿಯೋಥೆರಪಿ ಘಟಕ ಕೊಡುವ ಮಾತಿದೆ. ಫಿಸಿಯೋಥೆರಪಿಯೂ ಸೇರಿದಂತೆ ಆರೋಗ್ಯ ವೃತ್ತಿಗಳಿಗೆಂದೇ 2021ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಈ ಕಾಗದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ನಡೆದು ಬರುವುದಷ್ಟೇ ಬಾಕಿ. ವಾರಕ್ಕೊಂದು ದಿನ ಒಬ್ಬ ಫಿಸಿಯೋಥೆರಪಿಸ್ಟ್, ಒಂದು ಬೆಂಚು, ಎರಡು ಕುರ್ಚಿ. ಈ ನೋವಿಗೆ ಬೇಕಾದ್ದು ಇಷ್ಟೇ, ದೊಡ್ಡ ಯಂತ್ರ ಬೇಕಿಲ್ಲ. ಬಲ್ಬು ಕೂಡ ಕಡ್ಡಾಯವಲ್ಲ.

ಆ ಖಾಲಿ ಜಾಗವನ್ನೇ ಸಭಾಭವನದ ಶಿಬಿರ ತುಂಬಿಕೊಂಡಿದ್ದು. ಹೆಂಗಸಿನ ಕೈಗೇ ಸೇರಲಿ ಅಂತ ತಂದ 2,000 ರೂಪಾಯಿಯನ್ನು ನೋಡಿ ಕಂತಿನ ಮೊತ್ತ ಹೊಲಿದಿದ್ದಾರೆ. ಗ್ಯಾರಂಟಿ ಯೋಜನೆಗಳಿಂದ ಹೆಂಗಸರು ದುಡ್ಡು ಪೋಲು ಮಾಡ್ತಾರೆ ಅಂತ ಮೂಗು ಮುರಿಯುವವರಿಗೆ ಇದು ಇನ್ನೊಂದು ಉದಾಹರಣೆಯಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ನೋವಿಗೆ ಮದ್ದು ಹುಡುಕುವುದು ಪೋಲಲ್ಲ. ಸರ್ಕಾರ ದುಡ್ಡು ಕೊಟ್ಟಿತು, ಆ ದುಡ್ಡಿಗೆ ಸಿಗಬೇಕಾದ ಸೇವೆಯನ್ನು ಹತ್ತಿರದಲ್ಲಿ ಇಡಲಿಲ್ಲ. ಉಳಿದದ್ದನ್ನು ಮಾರುಕಟ್ಟೆ ನೋಡಿಕೊಂಡಿತು.

ಅರ್ಧ ಲೀಟರ್ ಬಾಟಲಿ

ಚಿಕ್ಕಮ್ಮ ಯಂತ್ರ ತಗೊಳ್ಳಲಿಲ್ಲ. ಹಠ ಮಾಡಿ ನಾನು ಗೆದ್ದೆ ಅಂತೇನಿಲ್ಲ. ಪಕ್ಕದ ಮನೆಯವರು ತಗೊಂಡಿದ್ದಾರೆ, ಬೇಕಾದಾಗ ಅಲ್ಲೇ ಹೋಗಿ ಕೂತರಾಯ್ತು ಅನ್ನೋದು ಅವರ ಲೆಕ್ಕ. ನಾನೂ ಬೇಡ ಅನ್ನಲಿಲ್ಲ. ಬೆಚ್ಚಗಿನ ಹಿತಕ್ಕೆ ಅದೂ ಆಗುತ್ತದೆ, ಬಿಸಿನೀರಿನ ಚೀಲವೂ ಆಗುತ್ತದೆ.

ಜಾತ್ರೆ ಮುಗಿದು ಹೂವಿನ ಗಡಿಬಿಡಿ ಇಳಿದ ಮೇಲೆ ಕುಂದಾಪುರಕ್ಕೆ ಕರೆದುಕೊಂಡು ಹೋದೆ. ಫಿಸಿಯೋಥೆರಪಿಸ್ಟ್ ಮೊದಲು ಕುತ್ತಿಗೆ, ಭುಜ ಪರೀಕ್ಷಿಸಿ, ನೋವಿನ ಮೂಲ ಮೊಣಕೈಯೇ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಹೇಳಿಕೊಟ್ಟದ್ದು ಇಷ್ಟು: ಮುಂಗೈಯನ್ನು ಮೇಜಿನ ಮೇಲೆ ಅಂಗೈ ಕೆಳಮುಖವಾಗಿ ಇಡುವುದು, ಮಣಿಕಟ್ಟು ಅಂಚಿನಿಂದ ಆಚೆ ಇರಬೇಕು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಎಡಗೈಯ ಆಸರೆಯಿಂದ ಮೇಲೆತ್ತಿ, ಬಲಗೈ ಒಂದರಲ್ಲೇ ನಿಧಾನ ಕೆಳಗಿಳಿಸುವುದು. 15 ಸಲ, ಮೂರು ಸುತ್ತು. ಸ್ವಲ್ಪ ನೋವು ಬಂದರೆ ಪರವಾಗಿಲ್ಲ, ಮಾರನೇ ದಿನಕ್ಕೂ ಉಳಿದರೆ ಬಾಟಲಿಯ ನೀರು ಕಡಿಮೆ ಮಾಡಿ. ಕೊಡಪಾನ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ. ಹೂ ಕೊಯ್ಯುವಾಗ ಅರ್ಧ ಗಂಟೆಗೊಮ್ಮೆ ಕೈ ಬದಲಿಸಿ. ಮೂರು ತಿಂಗಳು ಬಿಡಬೇಡಿ. ಇದು ಅವರ ಕೈ ಪರೀಕ್ಷಿಸಿ ಹೇಳಿದ್ದು, ನಿಮ್ಮ ಕೈಗೆ ಎಷ್ಟು ಅಂತ ನಿಮ್ಮ ಕೈ ನೋಡಿದವರೇ ಹೇಳಬೇಕು.

ಒಟ್ಟು ಆರು ಭೇಟಿ, ಒಂದಕ್ಕೆ 350. ಬಸ್ಸಿನ ದುಡ್ಡು ಬಿಟ್ಟು 2,100 ರೂಪಾಯಿ. ಯಂತ್ರದ ಒಂದು ಕಂತಿಗಿಂತ ನೂರು ಹೆಚ್ಚು.

ಮೊನ್ನೆ ಫೋನ್ ಮಾಡಿದಾಗ ಕೇಳಿದೆ, ಕೈ ಹೇಗಿದೆ ಅಂತ. ನೋವು ಪೂರ್ತಿ ಹೋಗಿಲ್ಲ, ಚೊಂಬು ಎತ್ತಬಹುದು, ಬಟ್ಟೆ ಹಿಂಡುವಾಗ ಇನ್ನೂ ಹಿಡಿಯುತ್ತದೆ ಅಂದರು. ಬಾಟಲಿ ವ್ಯಾಯಾಮ ನಡೀತಾ ಇದೆಯಾ ಅಂದೆ.

"ಮಾಡ್ತೆ ಮಗಾ. ಆದ್ರೆ ಒಂದ್ ಕೇಂತೆ, ನೀನ್ ಬರಿತಿಯಲ್ದಾ? ಆ ಡಾಕ್ಟ್ರಮ್ಮನ್ ವಾರಕ್ ಒಂದಿನ ಇಲ್ಲಿಗೇ ಬಪ್ಪುಕ್ ಹೇಳುಕಾತ್ತಾ ಅಂತ ಬರಿ. ನಮ್ ಕೇರಿಯಂಗೆ ಇನ್ನೂ ಹತ್ತ್ ಕೈ ಇತ್ತ್."

ಬರೆದಿದ್ದೇನೆ. ಮುಂದಿನ ಸಂಕ್ರಾಂತಿಯ ಹೂವಿಗೆ ಇನ್ನೂ ತಿಂಗಳುಗಳಿವೆ. ಅಷ್ಟರೊಳಗೆ ಆರೋಗ್ಯ ಇಲಾಖೆಗೆ ಒಂದು ಬೆಂಚು, ಎರಡು ಕುರ್ಚಿ ಹೊಂದಿಸಲು ಸಾಧ್ಯವಿದೆ.